ವೋಲ್ಟ್ ಬರುವ ಹೊತ್ತಿಗೆ ಜಿಎಂ ದಿವಾಳಿ

2008ರ ನವೆಂಬರಿನಲ್ಲಿ ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ಸಾಲ ಕೇಳಲು ವಾಷಿಂಗ್ಟನ್‌ಗೆ ಹೋದರು. ಹೋದದ್ದು ಖಾಸಗಿ ವಿಮಾನದಲ್ಲಿ. ಕೈಚಾಚಿ ಬಂದವರಿಗೆ ಈ ದೌಲತ್ತು ಯಾಕೆ ಅಂತ ಸಂಸದರು ಚೆನ್ನಾಗಿ ಉಗಿದರು. ಮುಂದಿನ ತಿಂಗಳು ಮೂವರೂ ಪೆಟ್ರೋಲ್ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರುಗಳಲ್ಲಿ ಬಂದರು! ಜಿಎಂ ಅಂದರೆ ಜನರಲ್ ಮೋಟರ್ಸ್‌ನ ಮುಖ್ಯಸ್ಥ ರಿಕ್ ವ್ಯಾಗನರ್‌ಗೆ ತೋರಿಸಲು ಇನ್ನೊಂದು ಆಸೆಯೂ ಇತ್ತು: ಕಂಪನಿ ತಯಾರಿ ನಡೆಸಿದ್ದ ಬ್ಯಾಟರಿ ಕಾರು, ಶೆವರ್ಲೆ ವೋಲ್ಟ್.

ವೋಲ್ಟ್ ಒಳ್ಳೆಯ ಕಾರು, ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆಯಡಿ 'ಟಿ' ಆಕಾರದ ಬ್ಯಾಟರಿ. ತೂಕ ಸುಮಾರು 200 ಕೆಜಿ, ಒಳಗೆ 288 ಲಿಥಿಯಂ ಸೆಲ್‌ಗಳು. ಮೊದಲ 56 ಕಿ.ಮೀ. ಬರೀ ಕರೆಂಟಿನಲ್ಲಿ ಓಡುತ್ತದೆ. ಆಮೇಲೆ ಪುಟ್ಟ ಪೆಟ್ರೋಲ್ ಎಂಜಿನ್ ಎದ್ದು ಜನರೇಟರ್ ತಿರುಗಿಸುತ್ತದೆ. ತಮಾಷೆ ಅಂದರೆ, 16 ಯೂನಿಟ್ ಹಿಡಿಯುವ ಆ ಬ್ಯಾಟರಿಯಲ್ಲಿ ಬಳಕೆಗೆ ಬಿಟ್ಟದ್ದು 10 ಯೂನಿಟ್ ಚಿಲ್ಲರೆ. ಲಿಥಿಯಂ ಸೆಲ್ಲನ್ನು ಪ್ರತಿಸಲ ಕಂಠಪೂರ್ತಿ ತುಂಬಿಸಿ, ತಳ ಕಾಣುವವರೆಗೆ ಖಾಲಿ ಮಾಡಿದರೆ ಬೇಗ ಸೊರಗುತ್ತದೆ. ಹಳೇ ಮೊಬೈಲ್ ಇರುವವರಿಗೆ ಇದು ಗೊತ್ತು, ಅಲ್ವಾ? ಮೊಬೈಲಾದರೆ ಬದಲಿಸಬಹುದು. ಇಲ್ಲಿ ಕಂಪನಿ ಬ್ಯಾಟರಿಗೆ 8 ವರ್ಷ ವಾರಂಟಿ ಕೊಟ್ಟಿತ್ತು. ಹಾಗಾಗಿ 16 ಯೂನಿಟ್‌ಗೆ ದುಡ್ಡು ಸುರಿದು 10ರ ಕೆಲಸ ತೆಗೆಯಬೇಕಾಯಿತು. ಬೆಲೆ 41,000 ಡಾಲರ್. ಅದೇ ಕಂಪನಿಯ ಪೆಟ್ರೋಲ್ ಕ್ರೂಜ್ ಸುಮಾರು 17,000ಕ್ಕೇ ಸಿಗುತ್ತಿತ್ತು.

2009ರ ಮಾರ್ಚಿನಲ್ಲೇ ಒಬಾಮಾ ಸರ್ಕಾರದ ತಂಡ ಎಚ್ಚರಿಸಿತ್ತು, ಇಷ್ಟು ದುಬಾರಿಯಾದರೆ ಗಿಟ್ಟುವುದು ಕಷ್ಟ ಅಂತ. ಜೂನ್ 1ಕ್ಕೆ ಜಿಎಂ ದಿವಾಳಿ ಅರ್ಜಿ ಹಾಕಿತು. ವೋಲ್ಟ್ ಗಿರಾಕಿಗಳ ಕೈಗೆ ಬಂದದ್ದು 2010ರ ಡಿಸೆಂಬರಿನಲ್ಲಿ. ಬೆಂಕಿ ಬಿದ್ದಮೇಲೆ ಬಾವಿ ತೋಡಿದರು ಅನ್ನುವಂತಿಲ್ಲ. 2007ರ ಜನವರಿಯಲ್ಲೇ ಮಾದರಿ ತೋರಿಸಿದ್ದರು. ನೀರು ಬರಲು ನಾಲ್ಕು ವರ್ಷ ಹಿಡಿಯಿತು, ಅಷ್ಟೇ.

ಹಾಗಾದರೆ ಜಿಎಂ ಉಳಿದದ್ದು ಹೇಗೆ? ಸರ್ಕಾರ ಹಾಕಿದ ಸುಮಾರು 5,000 ಕೋಟಿ ಡಾಲರ್‌ನಿಂದ. ಹಳೇ ಸಾಲದ ಹೊರೆ ಇಳಿಯಿತು. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಹೆಸರುಗಳಿಗೆ ಎಳ್ಳುನೀರು ಬಿಟ್ಟರು. 2011ರಲ್ಲಿ ಲಾಭ 760 ಕೋಟಿ ಡಾಲರ್! ಆ ವರ್ಷ ಅಮೆರಿಕದಲ್ಲಿ ಮಾರಾಟವಾದ ವೋಲ್ಟ್ 7,671. ಜಿಎಂನದೇ ಪೆಟ್ರೋಲ್ ಕುಡಿಯುವ ಸಿಲ್ವರಾಡೊ ಪಿಕಪ್ ನಾಲ್ಕು ಲಕ್ಷಕ್ಕೂ ಜಾಸ್ತಿ. ಹೊಸ ತಂತ್ರಜ್ಞಾನ ಶುರುವಿನ ವರ್ಷಗಳಲ್ಲಿ ದುಡ್ಡು ತಿನ್ನುವ ಕೂಸು. ಅದನ್ನು ಸಾಕಿದ್ದು ಈ ಪಿಕಪ್ಪುಗಳೇ ಅಂತ ನನ್ನ ಲೆಕ್ಕ.

ನಮ್ಮ ಬೆಂಗಳೂರಿಗೂ ಇದರ ಎಳೆಯಿದೆ. 2001ರಿಂದಲೇ ಎಲೆಕ್ಟ್ರಿಕ್ ಕಾರು ಮಾರುತ್ತಿದ್ದ ಇಲ್ಲಿನ ರೇವಾ ಕಂಪನಿ ಜೊತೆ ಸೇರಿ ತನ್ನ ಸ್ಪಾರ್ಕ್ ಕಾರನ್ನು ಎಲೆಕ್ಟ್ರಿಕ್ ಮಾಡುತ್ತೇವೆ ಅಂತ ಜಿಎಂ 2009ರಲ್ಲಿ ಸಾರಿತು. ಮರುವರ್ಷ ರೇವಾ ಮಹೀಂದ್ರಾ ಪಾಲಾಯಿತು, ಜಿಎಂ ಎದ್ದು ಹೋಯಿತು.

ವೋಲ್ಟ್ ತಯಾರಿಕೆ 2019ರಲ್ಲಿ ನಿಂತಿತು. ಡೆಟ್ರಾಯಿಟ್‌ನ ಅದೇ ಕಾರ್ಖಾನೆಯಿಂದ 2021ರ ಕೊನೆಗೆ ಹೊರಬಿದ್ದದ್ದು ಎಲೆಕ್ಟ್ರಿಕ್ ಹಮ್ಮರ್. ತೂಕ ನಾಲ್ಕು ಟನ್, ಬ್ಯಾಟರಿ 200 ಯೂನಿಟ್‌ಗೂ ಮೇಲೆ.