ಈ ವಯಸ್ಸಿಗೇ ಬೆನ್ನುನೋವೇ?

ಜೂನ್ ಬಂತೆಂದರೆ ಶಾಲೆ ಬ್ಯಾಗಿನ ಭಾರದ ಮಾತು ಶುರು. ಒಂದು, ಎರಡನೇ ತರಗತಿಯವರಿಗೆ 2 ಕಿಲೋ, ಒಂಬತ್ತು, ಹತ್ತನೆಯವರಿಗೆ 5 ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಒಳ್ಳೆಯದೇ. ಆದರೆ ಮಕ್ಕಳ ಬೆನ್ನುನೋವಿಗೆ ಬ್ಯಾಗೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲ. 2018ರಲ್ಲಿ 69 ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದ ಸಂಶೋಧಕರು ಹೇಳಿದ್ದು ಇದನ್ನೇ.

ಬ್ಯಾಗನ್ನು ತಕ್ಕಡಿಗೆ ಹಾಕುವ ನಾವು, ಮಗು ಬೆನ್ನು ನೋಯುತ್ತಿದೆ ಎಂದರೆ ಮಾತ್ರ ‘ಈ ವಯಸ್ಸಿಗೇ ಎಂಥ ಬೆನ್ನುನೋವೋ’ ಎಂದು ನಕ್ಕುಬಿಡುತ್ತೇವೆ. ಡೆನ್ಮಾರ್ಕಿನಲ್ಲಿ 12ರಿಂದ 22 ವರ್ಷದ ಸುಮಾರು 9,600 ಅವಳಿಗಳನ್ನು ಎಂಟು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಎಳೆಯ ವಯಸ್ಸಿನಲ್ಲಿ ಸೊಂಟನೋವು ಇದ್ದವರಿಗೇ ದೊಡ್ಡವರಾದ ಮೇಲೂ ಅದು ಹೆಚ್ಚಾಗಿ ಕಾಡಿತ್ತು. ಮೊದಲು ನೋವುಂಡ ದಿನಗಳು ಹೆಚ್ಚಿದ್ದಷ್ಟೂ ಮುಂದಿನ ಸಂಭವವೂ ಹೆಚ್ಚು. ಒಂದರಿಂದಲೇ ಇನ್ನೊಂದು ಬಂತೆಂದು ಇದರಿಂದ ಸಾಬೀತಾಗದು, ನಿಜ. ನಗಲು ಕಾರಣವಂತೂ ಉಳಿಯುವುದಿಲ್ಲ.

ಬೆಳೆಯುವ ಬೆನ್ನಿಗೆ ನಿಜಕ್ಕೂ ಪೆಟ್ಟು ಕೊಡುವುದು ಯಾವುದೆಂದು ನೋಡಬೇಕಾದರೆ ಕ್ರಿಕೆಟ್ ನೆಟ್ಸ್‌ಗೆ ಹೋಗಬೇಕು. ವೇಗದ ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಚಿಕೊಳ್ಳುತ್ತದೆ. ಆ ಒತ್ತಡವೆಲ್ಲ ಬೀಳುವುದು ಸೊಂಟಭಾಗದ ಕೆಳಗಿನ ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ಹಿಂಬದಿಯಲ್ಲಿರುವ ಒಂದು ಕಿರಿದಾದ ಎಲುಬಿನ ಪಟ್ಟಿಯ ಮೇಲೆ. ಹದಿಹರೆಯದಲ್ಲಿ ಅದು ಇನ್ನೂ ಗಟ್ಟಿಯಾಗುತ್ತಿರುತ್ತದೆ. ಒಂದು ಎಸೆತದಿಂದ ಏನೂ ಆಗದು; ವಿಶ್ರಾಂತಿಯಿಲ್ಲದೆ ದಿನವೂ ಎಸೆದರೆ ಎಲುಬು ತನ್ನನ್ನು ರಿಪೇರಿ ಮಾಡಿಕೊಳ್ಳುವ ವೇಗಕ್ಕಿಂತ ಸವೆತದ ವೇಗವೇ ಮೇಲಾಗಿ ಸಣ್ಣ ಬಿರುಕು ಮೂಡುತ್ತದೆ. ದೊಡ್ಡವರನ್ನೂ ಇದು ಬಿಡುವುದಿಲ್ಲ: ನಮ್ಮ ಕರ್ನಾಟಕದ ವೇಗಿ ಪ್ರಸಿದ್ಧ ಕೃಷ್ಣ 2023ರ ಐಪಿಎಲ್‌ ಆಡದೇ ಹೋದದ್ದು ಇಂಥದೇ ಬಿರುಕಿನಿಂದ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ 13 ವರ್ಷದೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್ ಎಂದು ಮಿತಿ ಹಾಕಿದೆ. ನಮ್ಮ ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಎಸೆತ ಎಣಿಸುವವರು ಎಷ್ಟು ಮಂದಿಯೋ!

ಬೇಗ ಪತ್ತೆಯಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಈ ಬಿರುಕು ಬಹಳಷ್ಟು ಸಲ ಕೂಡಿಕೊಳ್ಳುತ್ತದೆ. ಎರಡೂ ಬದಿ ಬಿರಿದು ಹಾಗೇ ಉಳಿದರೆ ಮೇಲಿನ ಕಶೇರುಕ ಮುಂದಕ್ಕೆ ಜಾರುವುದುಂಟು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐ ಬೇಕಾದೀತು.

ಎಲ್ಲ ನೋವಿಗೂ ಸ್ಕ್ಯಾನಿಂಗಿಗೆ ಓಡಬೇಕಿಲ್ಲ. ಮಕ್ಕಳ ಬೆನ್ನುನೋವು ಹೆಚ್ಚಾಗಿ ತಾನೇ ಇಳಿಯುತ್ತದೆ. ವಾರಗಟ್ಟಲೆ ಉಳಿದರೆ, ಹಿಂದಕ್ಕೆ ಬಾಗಿದಾಗ ಚುಚ್ಚಿದರೆ ವೈದ್ಯರಿಗೆ ತೋರಿಸಿ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾಲಿನಲ್ಲಿ ಶಕ್ತಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಅವತ್ತೇ ಹೋಗಬೇಕು.