ಸೇನೆಯಲ್ಲಿರುವ ತಮ್ಮನಿಗೆ ಯಾವ ಚಾಕು?

ಪ್ರಶ್ನೆ: ತಮ್ಮ ಸೇನೆಯಲ್ಲಿದ್ದಾನೆ. ರಜೆ ಮುಗಿಸಿ ಹೋಗುವಾಗ ಅವನ ಕೈಗೆ ಒಂದು ಒಳ್ಳೆಯ ಚಾಕು ಕೊಟ್ಟು ಕಳಿಸಬೇಕೆಂದಿದೆ. ಊರಿನ ಕಮ್ಮಾರ ಆಚಾರ್ರ ಹತ್ತಿರ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಮಾಡಿಸುವುದು ಒಳ್ಳೆಯದೋ, ಆನ್‌ಲೈನ್‌ನಲ್ಲಿ ಸಿಗುವ ‘ಕಮಾಂಡೋ ಚಾಕು’ ತರಿಸುವುದೋ? ಅದರ ಬೆನ್ನಿಗೆ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ ಎಲ್ಲ ಇದೆ. (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ದಿಕ್ಸೂಚಿ ಇರುವುದನ್ನು ಮಾತ್ರ ತರಿಸಬೇಡಿ. ಹಿಡಿಯೊಳಗೆ ದಿಕ್ಸೂಚಿ, ಬೆಂಕಿಕಡ್ಡಿ, ಗಾಳದ ದಾರ ಇಡಲು ಜಾಗ ಇದೆ ಅಂದರೆ ಅಲ್ಲಿ ಇರಬೇಕಾದ ಉಕ್ಕು ಇಲ್ಲ ಅಂತಲೇ ಲೆಕ್ಕ. ಅಲಗು ಹಿಡಿಯ ಬಾಯಲ್ಲೇ ಮುಗಿದಿರುತ್ತದೆ. ಮೊದಲ ಏಟಿಗೆ ವಾಲುತ್ತದೆ, ನಾಲ್ಕನೆಯದಕ್ಕೆ ಕಳಚಿ ಬರುತ್ತದೆ.

ಮೊದಲು ಚಾಕುವಿಗೆ ಅಲ್ಲಿ ಏನು ಕೆಲಸ ಅಂತ ನೋಡಿ. ಹಗ್ಗ, ಪಟ್ಟಿ, ಗೋಣಿ ಕೊಯ್ಯುವುದು. ರೇಷನ್ ಪೊಟ್ಟಣ ಬಿಡಿಸುವುದು. ಮರೆಗೆ ಸೊಪ್ಪು ಸವರುವುದು, ಟೆಂಟಿಗೆ ಗೂಟ ಚೂಪು ಮಾಡುವುದು, ಪೆಟ್ಟಿಗೆಯ ಮುಚ್ಚಳ ಮೀಟುವುದು. ಗಾಯಾಳುವಿನ ಬಟ್ಟೆ ಬಿಡಿಸುವುದಕ್ಕೂ ಕೆಲವೊಮ್ಮೆ ಬೇಕು, ಆದರೆ ಅದಕ್ಕೆ ಮೊಂಡು ತುದಿಯ ಕತ್ತರಿಯೇ ಮೇಲು. ಕೈಕೈ ಕಾದಾಟ ಈ ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಬರುತ್ತದೆ. ಅಮೆರಿಕದ ಸೇನೆ 2010ರಲ್ಲಿ ತನ್ನ ಮೂಲ ತರಬೇತಿಯಿಂದ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಅಭ್ಯಾಸವನ್ನೇ ಕೈಬಿಟ್ಟಿತು. ರಷ್ಯನ್ನರು ಎಕೆಎಂ ಬಂದೂಕಿನ ಬಯೊನೆಟ್‌ಗೆ ಒಂದು ತೂತು ಇಟ್ಟರು. ಒರೆಯ ಮೇಲಿನ ಗುಬ್ಬಿಗೆ ಅದನ್ನು ಸಿಕ್ಕಿಸಿದರೆ ಮುಳ್ಳುತಂತಿ ಕತ್ತರಿಸುವ ಕತ್ತರಿಯಾಗುತ್ತದೆ. ಚುಚ್ಚುವ ಆಯುಧವೂ ಹೀಗೆ ಕೆಲಸದ ಸಾಮಾನಾಯಿತು.

ಚುಚ್ಚುವುದಕ್ಕೆಂದೇ ಮಾಡಿದ್ದೂ ಇದೆ. 1941ರಿಂದ ಬ್ರಿಟಿಷ್ ಕಮಾಂಡೋಗಳ ಕೈಗೆ ಬಂದ ಫೇರ್‌ಬೇರ್ನ್-ಸೈಕ್ಸ್ ಕಠಾರಿ ನೋಡಲು ಬಲು ಚೆಂದ: ಸಪೂರ, ಎರಡೂ ಕಡೆ ಬಾಯಿ, ಅಂದರೆ ಕೊಯ್ಯುವ ಅಂಚು. ಅದರಲ್ಲಿ ಗೂಟ ಕೆತ್ತಲು ಹೋದರೆ ಹೆಬ್ಬೆರಳು ಒತ್ತಲು ಬೆನ್ನೇ ಇಲ್ಲ, ಏನಾದರೂ ಮೀಟಿದರೆ ಮೊನೆ ಮುರಿಯುತ್ತದೆ. ಮರುವರ್ಷ, 1942ರಲ್ಲಿ, ಅಮೆರಿಕದ ಮರೀನ್‌ಗಳು ಆರಿಸಿಕೊಂಡ ಚಾಕು, ಈಗ ಕೆ-ಬಾರ್ ಅಂತ ಎಲ್ಲರೂ ಕರೆಯುವುದು, 7 ಇಂಚಿನ ಅಲಗು, ಒಂದೇ ಕಡೆ ಬಾಯಿ, ದಪ್ಪ ಬೆನ್ನು. ಡಬ್ಬಿ ತೆರೆದು, ಗುಂಡಿ ತೋಡಿ, ಅಗತ್ಯ ಬಿದ್ದರೆ ಹೋರಾಟಕ್ಕೂ ಆಗುವಂಥದ್ದು. ಇವತ್ತಿಗೂ ಅದು ತಯಾರಾಗುತ್ತಿದೆ.

ಹಾಗಾಗಿ ಅಳತೆ ಹೀಗಿರಲಿ: ಅಲಗು 5ರಿಂದ 6 ಇಂಚು, ಹೆಚ್ಚೆಂದರೆ 7. ಬೆನ್ನಿನ ದಪ್ಪ 4ರಿಂದ 5 ಮಿ.ಮೀ. ಒಂದೇ ಕಡೆ ಬಾಯಿ, ಬೆನ್ನಿನಿಂದ ಮೆಲ್ಲಗೆ ಇಳಿದು ಬರುವ ಗಟ್ಟಿ ಮೊನೆ. ತೂಕ 300 ಗ್ರಾಂ ದಾಟಿದರೆ ಆಮೇಲೆ ಅದು ಸೊಂಟದಲ್ಲಿರುವುದಿಲ್ಲ, ಟ್ರಂಕಿನಲ್ಲಿರುತ್ತದೆ. ಬೆನ್ನಿಗೆ ಗರಗಸದ ಹಲ್ಲು ಬೇಡ. ಆ ಹಲ್ಲು ಮರ ಕೊಯ್ಯುವುದಿಲ್ಲ, ಒರೆಯನ್ನು ಮಾತ್ರ ಚೆನ್ನಾಗಿ ಕೊಯ್ಯುತ್ತದೆ.

ಅಲಗಿಗಿಂತ ಮುಖ್ಯವಾದದ್ದು ಕಾಣದ ಭಾಗ, ಹಿಡಿಯೊಳಗೆ ಹೋಗುವ ಉಕ್ಕಿನ ಬಾಲ. ಅಲಗಿನಷ್ಟೇ ಅಗಲವಾಗಿ ಹಿಡಿಯ ಕೊನೆಯವರೆಗೂ ಹೋಗಿದ್ದರೆ ಹಿಡಿಯ ಎರಡು ಪಕ್ಕದ ಪಟ್ಟಿಗಳ ನಡುವೆ ಉಕ್ಕಿನ ಗೆರೆ ಸುತ್ತಲೂ ಕಾಣುತ್ತದೆ. ಅಂಥದ್ದನ್ನೇ ಆರಿಸಿ. ಕೆ-ಬಾರ್‌ನ ಬಾಲ ಸಪೂರವೇ, ಆದರೆ ಹಿಡಿಯ ತುದಿಯವರೆಗೆ ಹೋಗಿ ಲೋಹದ ಬಿಲ್ಲೆಗೆ ಬಿಗಿದುಕೊಂಡಿದೆ. ಅಗ್ಗದ ಮಾಲಿನಲ್ಲಿ ಬಾಲ ಎರಡಿಂಚಿಗೆ ನಿಂತಿರುತ್ತದೆ, ಹೊರಗಿಂದ ಗೊತ್ತಾಗುವುದಿಲ್ಲ. ಹಿಡಿ ಮೈಕಾರ್ಟಾ, ಜಿ-10 (ಬಟ್ಟೆ ಅಥವಾ ಗಾಜಿನ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆಗಳು) ಅಥವಾ ಗಟ್ಟಿ ರಬ್ಬರಿನದ್ದಾಗಿರಲಿ. ಬರಿಯ ಲೋಹದ ಹಿಡಿ ಹಿಮದ ಜಾಗದಲ್ಲಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆರಳು ಬಾಯಿಯ ಮೇಲೆ ಜಾರದ ಹಾಗೆ ಅಡ್ಡತಡೆ ಇರಲೇಬೇಕು. ಕೈಗೆ ಸೋಪು ನೊರೆ ಹಚ್ಚಿಕೊಂಡು, ಚಾಕು ಒರೆಯಲ್ಲಿ ಇರುವಾಗಲೇ ಹಿಡಿದು ಗೋಡೆಗೆ ಒತ್ತಿ ನೋಡಿ. ಕೈ ಮುಂದಕ್ಕೆ ಜಾರಿದರೆ ವಾಪಸ್ ಕಳಿಸಿ.

ಈಗ ಆಚಾರ್ರ ವಿಷಯ. ಬಯಲುಸೀಮೆಯವರಿಗೆ ಕತ್ತಿ ಅಂದರೆ ಖಡ್ಗ, ನಮಗೆ ಸೊಪ್ಪು ಕಡಿಯುವ ಸಾಮಾನು. ಆಚಾರ್ರ ಕೈ ಪಳಗಿರುವುದೂ ಆ ಕತ್ತಿಗೇ. ಅದಕ್ಕೆ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಗೆ ಇಳಿಸಿ, ಹಿಡಿಯ ಬಾಯಿಗೆ ಬಳೆ ಹಾಕುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಗಿರುತ್ತದೆ, ಬೇಸಿಗೆಯಲ್ಲಿ ಒಣಗಿ ಲಟಲಟ ಅನ್ನುತ್ತದೆ. ತೋಟದಲ್ಲಾದರೆ ನೀರಲ್ಲಿ ನೆನೆಹಾಕಿ ಮುಂದುವರಿಯಬಹುದು, ಮರುಭೂಮಿಯ ಚೌಕಿಯಲ್ಲಿ ಆಗದು. ಆದ್ದರಿಂದ ಅವರಿಗೆ ಕತ್ತಿಯ ಲೆಕ್ಕ ಹೇಳಬೇಡಿ. ರಟ್ಟಿನಲ್ಲಿ ಚಾಕುವಿನ ಆಕಾರ ಬಾಲ ಸಮೇತ ಕತ್ತರಿಸಿ ಕೊಡಿ, ಹಿಡಿಯ ಭಾಗಕ್ಕೆ ಮೂರು ತೂತು ಹಾಕಿಸಿ, ಪಟ್ಟಿ ಕೂರಿಸಿ ರಿವೆಟ್ ಹೊಡೆಸಿ.

ಲಾರಿ ಪ್ಲೇಟಿನ ಉಕ್ಕು ಒಳ್ಳೆಯದೇ. ಇಂಗಾಲ ಶೇ 0.6ರ ಆಸುಪಾಸು ಇರುತ್ತದೆ, ಪೆಟ್ಟು ತಡೆಯುತ್ತದೆ. ತೊಂದರೆ ಇರುವುದು ಹಳೆಯ ಪ್ಲೇಟಿನಲ್ಲಿ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಒಳಗೆ ಕೂದಲೆಳೆ ಬಿರುಕು ಬಿಟ್ಟಿರುತ್ತದೆ, ಹದ ಹಾಕುವಾಗ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡುವಾಗ, ಅದು ಬಿರಿಯುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಪ್ಲೇಟ್ ಕಟ್ಟುವವರಲ್ಲಿ ಹೊಸದರ ತುಂಡು ಕೇಳಿ ನೋಡಿ.

ಹದದಲ್ಲೇ ಹೆಚ್ಚಿನ ಚಾಕು ಕೆಡುವುದು. ಕತ್ತಿಗೆ ಮಾಡಿದಂತೆ ಬಾಯಿಯನ್ನಷ್ಟೇ ತಣ್ಣೀರಿಗೆ ಅದ್ದಿದರೆ ತೆಳ್ಳಗಿನ ಅಲಗು ಸೊಟ್ಟಗಾಗುತ್ತದೆ, ಇಲ್ಲವೇ ಟಿಕ್ ಅಂತ ಬಿರಿಯುತ್ತದೆ. ಅಯಸ್ಕಾಂತ ಹಿಡಿಯದಷ್ಟು ಕಾಯಬೇಕು, ಅಂದರೆ ಸುಮಾರು 770 ಡಿಗ್ರಿ, ಅದರ ಮೇಲೆ ಇನ್ನೊಂದಿಷ್ಟು. ಆಮೇಲೆ ಬೆಚ್ಚಗಿನ ಎಣ್ಣೆಗೆ, ಮೊನೆ ಕೆಳಗೆ ಮಾಡಿ, ನೆಟ್ಟಗೆ ಇಳಿಸಬೇಕು. ತಣಿದ ಮೇಲೆ ಅರ ಎಳೆದರೆ ಗಾಜಿನ ಮೇಲೆ ಎಳೆದ ಹಾಗೆ ಜಾರಬೇಕು. ಇಲ್ಲಿಗೆ ನಿಲ್ಲಿಸಿದರೆ ಕೈತಪ್ಪಿ ಕಲ್ಲಿನ ಮೇಲೆ ಬಿದ್ದಾಗ ಎರಡು ತುಂಡು. ಮಸಿ ಉಜ್ಜಿ ತೆಗೆದು, ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆಯಂತೆ ಎರಡು ಸಲ ಇಡಿ. ಅಲಗು ಒಣಹುಲ್ಲಿನ ಬಣ್ಣಕ್ಕೆ ಬಂದರೆ ಸರಿ. ನೀಲಿಗೆ ತಿರುಗಿತೆಂದರೆ ಸ್ಪ್ರಿಂಗಿನ ಹದ, ಬಾಯಿ ನಿಲ್ಲುವುದಿಲ್ಲ. ಪೇಟೆಯ ಸಾಣೆ ಚಕ್ರಕ್ಕೆ ಕೊಟ್ಟರೂ ಇದೇ ಕಥೆ: ಕಿಡಿ ಹಾರಿ ಬಾಯಿ ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತು. ಕಾರ್ಖಾನೆಯ ಚಾಕು ಕೊಳ್ಳುವುದಾದರೆ ಗಡಸುತನ 56ರಿಂದ 58 ರಾಕ್‌ವೆಲ್ ಅಂತ ಬರೆದಿರುವುದನ್ನು ನೋಡಿ. 60 ದಾಟಿದ್ದು ಚೆನ್ನಾಗಿ ಕೊಯ್ಯುತ್ತದೆ, ಮೀಟಿದರೆ ಬಾಯಿಯ ಚೂರು ಉದುರುತ್ತದೆ.

ತುಕ್ಕಿನ ಬಗ್ಗೆ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಕಡೆ ಗೋಡೆಗೆ ಸಿಕ್ಕಿಸಿದ ಕತ್ತಿಯೂ ಆಷಾಢದಲ್ಲಿ ಕೆಂಪಾಗುತ್ತದೆ. ತಮ್ಮ ಈಶಾನ್ಯದ ಕಾಡಿನ ಕಡೆ ಇದ್ದರೆ ಸ್ಟೇನ್‌ಲೆಸ್‌ಗೇ ಹೋಗಿ. ಸ್ವೀಡನ್ನಿನ ಮೋರಾ ಗಾರ್ಬರ್ಗ್ ಆ ಜಾತಿಯದು, ಸುಮಾರು 11 ಸೆಂ.ಮೀ. ಅಲಗು, 3.2 ಮಿ.ಮೀ. ದಪ್ಪ, ಬಾಲ ಕೊನೆಯವರೆಗೂ ಇದೆ. ಮೇಲೆ ಹೇಳಿದ ಅಳತೆಗಿಂತ ಚಿಕ್ಕದೇ, ಆದರೂ ತುಕ್ಕು ತಡೆಯುವ ಆ ಉಕ್ಕಿಗಾಗಿ ಅಳತೆಯಲ್ಲಿ ಅಷ್ಟು ಬಿಟ್ಟುಕೊಡಬಹುದು. ಪ್ಲೇಟಿನ ಚಾಕುವಾದರೆ ಅಡಿಕೆ ಸೀಮೆಯಲ್ಲೇ ಮದ್ದಿದೆ. ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆದು, ನಿಂಬೆಹೋಳಿನಿಂದ ಉಜ್ಜಿ, ಅಡಿಕೆ ಬೇಯಿಸಿದ ಬಿಸಿ ಚೊಗರನ್ನು ಬಟ್ಟೆಯಲ್ಲಿ ನಾಲ್ಕೈದು ಸಲ ಹಚ್ಚಿ ಒಣಗಿಸಿ. ಚೊಗರಿನ ಟ್ಯಾನಿನ್ ಎಂಬ ಒಗರು ಕಬ್ಬಿಣದ ಜತೆ ಸೇರಿ ಕಪ್ಪು ಪದರವಾಗುತ್ತದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗುವುದೂ ಹೀಗೆಯೇ. ತುಕ್ಕು ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಹೊಳಪೂ ಹೋಗುತ್ತದೆ, ಸೈನಿಕನಿಗೆ ಅದೂ ಲಾಭವೇ. ಮೇಲೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಇಲ್ಲಿಗೆ ಸರಿ, ಲಡಾಖಿನಲ್ಲಿ ಹೆಪ್ಪುಗಟ್ಟಿ ಚಾಕು ಒರೆಗೇ ಅಂಟಿಕೊಳ್ಳುತ್ತದೆ.

ಒರೆಗೆ ದುಡ್ಡು ಉಳಿಸಬೇಡಿ. ಚರ್ಮದ ಒರೆ ಘನವಾಗಿ ಕಾಣುತ್ತದೆ, ಆದರೆ ನೀರು ಕುಡಿದು ಬೂಷ್ಟು ಹಿಡಿದು ಅಲಗನ್ನು ಒದ್ದೆಯಲ್ಲೇ ಇಟ್ಟಿರುತ್ತದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಒಳ್ಳೆಯದು, ತಳದಲ್ಲಿ ನೀರಿಳಿಯಲು ತೂತಿರಲಿ. ತಲೆಕೆಳಗೆ ಹಿಡಿದು ಜೋರಾಗಿ ಕೊಡವಿದರೂ ಚಾಕು ಬೀಳಬಾರದು. ನಡೆಯುವಾಗ ಕಟಕಟ ಸದ್ದೂ ಬರಬಾರದು, ರಾತ್ರಿಯ ಗಸ್ತಿನಲ್ಲಿ ಆ ಸದ್ದು ದೂರ ಹೋಗುತ್ತದೆ. ಒಂದು ಕೈಯಿಂದ ತೆಗೆದು ಅದೇ ಕೈಯಿಂದ ನೋಡದೆ ಹಾಕಲು ಬರಬೇಕು.

ಮಸೆಯಲು 400 ಮತ್ತು 1,000 ಗ್ರಿಟ್ಟಿನ (ಅಂಕಿ ಏರಿದಷ್ಟೂ ನುಣುಪು) ಎರಡು ಮುಖದ ಚಿಕ್ಕ ಕಲ್ಲು ಜತೆಗೇ ಕೊಡಿ. ಎಷ್ಟು ಓರೆ ಹಿಡಿಯಬೇಕೆಂದು ಗೊತ್ತಾಗದಿದ್ದರೆ ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ವಾಲಿಸಿ, ಇನ್ನೊಮ್ಮೆ ಅರ್ಧ ಮಾಡಿ. 20 ಡಿಗ್ರಿಯ ಹತ್ತಿರ ಬಂತು, ಸಾಕು. ಕಲ್ಲು ಮರೆತಲ್ಲಿ ಪಿಂಗಾಣಿ ಲೋಟದ ತಳದ ಒರಟು ಅಂಚೂ ನಡೆಯುತ್ತದೆ.

ನಿಮ್ಮ ಲೆಕ್ಕದಲ್ಲಿ ಇನ್ನಷ್ಟು ದುಡ್ಡಿದ್ದರೆ ಚಾಕುವಿನ ಬೆಲೆ ಏರಿಸುವ ಬದಲು ಇಕ್ಕಳ ಇರುವ ಮಲ್ಟಿಟೂಲ್ ಒಂದನ್ನು ಸೇರಿಸಿ. ದಿನಕ್ಕೆ ಹತ್ತು ಸಲ ಕೈಗೆ ಬರುವುದು ಅದೇ.

ಕೊಡುವ ಮೊದಲು ಸ್ವಂತ ಚಾಕು ಇಟ್ಟುಕೊಳ್ಳಬಹುದೇ ಅಂತ ತಮ್ಮ ತನ್ನ ಯೂನಿಟ್ಟಿನಲ್ಲಿ ಕೇಳಿಕೊಳ್ಳಲಿ. ಹುಡುಗ ಇನ್ನೂ ತರಬೇತಿ ಕೇಂದ್ರದಲ್ಲಿದ್ದರೆ ಉಡುಗೊರೆಯನ್ನು ಮನೆಯಲ್ಲೇ ಇಡಿ. ಕಾನೂನಿನ ಕಡೆ: 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ, ಮನೆಬಳಕೆ ಮತ್ತು ಕೃಷಿಯ ಸಾಮಾನು ಬಿಟ್ಟು. ಸೊಂಟದ ಕೊಕ್ಕೆಯಲ್ಲಿ ಕತ್ತಿ ನೇತುಹಾಕಿ ತೋಟಕ್ಕೆ ಹೋಗುವವರನ್ನು ಯಾರೂ ಕೇಳುವುದಿಲ್ಲ. ಅದನ್ನೇ ಅಂಗಿಯೊಳಗೆ ಸಿಕ್ಕಿಸಿಕೊಂಡು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಅದೂ ನಿಷೇಧಾಜ್ಞೆ ಇರುವ ದಿನ, ಓಡಾಡಿದರೆ ಕೇಳುತ್ತಾರೆ. 6 ಇಂಚಿನ ಚಾಕುವಾದರೂ ಪ್ರಯಾಣದಲ್ಲಿ ಚೀಲದ ತಳದಲ್ಲಿರಲಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಒರೆಗೆ ಹಾಕಿ, ಹಿಡಿಯನ್ನೂ ಸೇರಿಸಿ ಟೇಪು ಸುತ್ತಿ, ಕೌಂಟರಿನಲ್ಲಿ ಒಪ್ಪಿಸುವ ಟ್ರಂಕಿನೊಳಗೆ ಬಟ್ಟೆಗಳ ನಡುವೆ ಇಡಿ.