ಎಲ್ಕ್ ಬೇಟೆಗೆ ಕಸ್ಟಮ್ ಬ್ಯಾರೆಲ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಕೊಲರಾಡೋದ ಡೆನ್ವರ್ ಹತ್ತಿರ ಇದ್ದೇನೆ. ನನ್ನ ಬಳಿ ಹಳೇ ರೆಮಿಂಗ್ಟನ್ 700 ರೈಫಲ್ ಇದೆ, .30-06 ತೋಟಾದ್ದು. ಬ್ಯಾರೆಲ್ (ನಳಿಗೆ) ಸವೆದಿದೆ. ಎಲ್ಕ್ ಬೇಟೆಗೆ ಒಳ್ಳೆಯ ಕಸ್ಟಮ್ ಬ್ಯಾರೆಲ್ ಹಾಕಿಸೋಣ ಅಂತಿದ್ದೇನೆ. ಯಾವ ಕಂಪನಿಯದು ತುಂಬಾ ನಿಖರ? ಹಾಗೇ ಕ್ಯಾಲಿಬರ್ ಕೂಡ .300 ವಿನ್ಚೆಸ್ಟರ್ ಮ್ಯಾಗ್ನಮ್‌ಗೆ ಬದಲಾಯಿಸಲಾ?

ಈ ಪ್ರಶ್ನೆ ಕೇಳುವವರೆಲ್ಲ ಕಂಪನಿ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಉಲ್ಟಾ. ಮೊದಲು ನಿಮ್ಮ ಭುಜ. ಆಮೇಲೆ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ಅನ್ನುವುದು. ಅದಾದ ಮೇಲೆ ಗುಂಡು. ಕಂಪನಿ ಹೆಸರು ಕೊನೆಗೆ.

ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ, ಗಂಡು 300 ಕೆಜಿ ತೂಗುತ್ತದೆ. ಅದರ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 10-12 ಇಂಚು ಅಗಲ, ಒಂದು ಊಟದ ತಟ್ಟೆಯಷ್ಟು. ಈಡು ಅಲ್ಲಿಗೇ ಬೀಳಬೇಕು. ಈಗ ಲೆಕ್ಕ ಹಾಕಿ. 100 ಗಜದಲ್ಲಿ ಒಂದು ಇಂಚಿನೊಳಗೆ ಮೂರು ಗುಂಡು ಕೂರಿಸುವ ರೈಫಲ್ 300 ಗಜದಲ್ಲಿ ಮೂರು ಇಂಚಿನೊಳಗೆ ಕೂರಿಸುತ್ತದೆ. ದುಬಾರಿ ಬ್ಯಾರೆಲ್ ಹಾಕಿಸಿ ಅದನ್ನು ಅರ್ಧ ಇಂಚಿಗೆ ಇಳಿಸಿದಿರಿ ಅಂತಿಟ್ಟುಕೊಳ್ಳಿ, 300 ಗಜದಲ್ಲಿ ಉಳಿಯುವುದು ಒಂದೂವರೆ ಇಂಚು ಅಷ್ಟೇ. ಅದೇ ದೂರದಲ್ಲಿ ಅಡ್ಡಕ್ಕೆ ಬೀಸುವ 10 ಮೈಲಿ ವೇಗದ ಗಾಳಿ 180 ಗ್ರೇನ್‌ನ (ಸುಮಾರು 11.7 ಗ್ರಾಂ) .30-06 ಗುಂಡನ್ನು ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಅಂದಾಜು ಮಾಡೋಕೆ ಬರದವರಿಗೆ ಆ ಒಂದೂವರೆ ಇಂಚಿನಿಂದ ಏನೂ ಆಗಲ್ಲ.

ಹಾಗಂತ ಒಳ್ಳೆಯ ಬ್ಯಾರೆಲ್ ದಂಡ ಅಂತಲ್ಲ. ಅದರ ನಿಜವಾದ ಲಾಭ ಬೇರೆ. ಬೆಳಗಿನ ಜಾವ ಐದು ಡಿಗ್ರಿ ಚಳಿಯಲ್ಲಿ, ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಗುಂಡು ನಿನ್ನೆ ಬಿದ್ದ ಜಾಗಕ್ಕೇ ಇವತ್ತೂ ಬೀಳುತ್ತದೆ, ಮುಂದಿನ ತಿಂಗಳೂ ಅಲ್ಲಿಗೇ ಬೀಳುತ್ತದೆ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ಆ ಮೊದಲ ಗುಂಡು ಒಂದೇ.

ಇನ್ನು ಒದೆತ, ಅಂದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಭುಜಕ್ಕೆ ಕೊಡುವ ಏಟು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಎಂಟು ಪೌಂಡ್ ತೂಕದ .30-06 ಸುಮಾರು 20 ಅಡಿ-ಪೌಂಡ್ ಶಕ್ತಿಯಲ್ಲಿ ಒದೆಯುತ್ತದೆ. ಹೆಚ್ಚುಕಮ್ಮಿ ಅಷ್ಟೇ ತೂಕದ .300 ಮ್ಯಾಗ್ನಮ್ 26ರ ಹತ್ತಿರ. ಕಾಗದದ ಮೇಲೆ ಬರೀ ಆರರ ವ್ಯತ್ಯಾಸ, ಭುಜದ ಮೇಲೆ ಬೇರೆಯೇ ಕಥೆ. ನಾನೂ ಮೊದಲು ಮ್ಯಾಗ್ನಮ್ ಹಿಡಿದೇ ಹೋದವನು. ಗುಂಡುಗಳು ಕೆಳಗೆ ಎಡಕ್ಕೆ ಬೀಳುತ್ತಿದ್ದವು. ನಾನು ಸ್ಕೋಪ್ ಬೈದೆ, ಮೌಂಟ್ ಬೈದೆ. ಜೊತೆಗಿದ್ದ ಗೆಳೆಯ ನನಗೆ ಹೇಳದೆ ನಡುನಡುವೆ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ ಕೊಟ್ಟ. ಟ್ರಿಗರ್ ಒತ್ತಿದೆ, ಈಡು ಹಾರಲಿಲ್ಲ, ಆದರೆ ನಳಿಗೆಯ ತುದಿ ಮಾತ್ರ ಜೋರಾಗಿ ಕೆಳಗೆ ಕುಸಿಯಿತು. ಒದೆತಕ್ಕೆ ಹೆದರಿ ನಾನೇ ಮೊದಲೇ ತಳ್ಳುತ್ತಿದ್ದೆ. ಆ ವರ್ಷ ನಾನು ಪ್ರಾಣಿ ಮೇಲೆ ಗುಂಡು ಹಾರಿಸಲಿಲ್ಲ. ಹೊಟ್ಟೆಗೆ ಏಟು ಬಿದ್ದ ಎಲ್ಕ್ ಗಂಟೆಗಟ್ಟಲೆ ನರಳುತ್ತಾ ಓಡುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ. ಅದನ್ನು ಮಾಡುವ ಹಕ್ಕು ಯಾರಿಗೂ ಇಲ್ಲ. ನೀವೂ ಈ ಡಮ್ಮಿ ಪರೀಕ್ಷೆ ಮಾಡಿಸಿಕೊಳ್ಳಿ, ಬ್ಯಾರೆಲ್ ಆರ್ಡರ್ ಮಾಡುವ ಮೊದಲೇ.

ಈಗ ನಿಮ್ಮ ರೈಫಲ್. ಇಲ್ಲಿ ಜಾಸ್ತಿ ಜನ ಮರೆಯುವ ಒಂದು ಸಂಗತಿ ಇದೆ: ಬೋಲ್ಟ್ ಮುಖ. ತೋಟಾವನ್ನು ಒಳಗೆ ತಳ್ಳಿ ಬೀಗ ಹಾಕುವ ಸರಳೇ ಬೋಲ್ಟ್; ತೋಟಾದ ಹಿಂಭಾಗ ಅದರ ಮುಂತುದಿಯಲ್ಲಿ ಕೂರುವ ಜಾಗವೇ ಬೋಲ್ಟ್ ಮುಖ. .30-06ರದ್ದು 0.473 ಇಂಚು. .300 ಮ್ಯಾಗ್ನಮ್, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ, ಎಲ್ಲಕ್ಕೂ ಸುಮಾರು 0.532 ಬೇಕು. ಅಂದರೆ ಬ್ಯಾರೆಲ್ ಜೊತೆ ಬೋಲ್ಟ್ ಕೆಲಸವೂ ಸೇರಿಕೊಳ್ಳುತ್ತದೆ, ಕೆಲವು ಸಲ ಮ್ಯಾಗಜೀನ್ ಕೆಲಸವೂ. ಬೋಲ್ಟ್ ಮುಟ್ಟದೆ ಮಾಡಿಸಬಹುದಾದವು .270 ವಿನ್ಚೆಸ್ಟರ್, .280 ಆಕ್ಲಿ, .35 ವೀಲೆನ್, ಇಲ್ಲವೇ ಈಗಿರುವ .30-06. ನನ್ನ ಮಾತು ಕೇಳುವುದಾದರೆ .30-06 ಆಗಿಯೇ ಉಳಿಸಿಕೊಳ್ಳಿ. 1906ರ ತೋಟಾ, ಹಳೇದು ನಿಜ, ಆದರೆ ಅಮೆರಿಕದ ಯಾವ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಒದೆತ ಸ್ವಲ್ಪ ಕಡಿಮೆ ಬೇಕು ಅಂದರೆ .280 ಆಕ್ಲಿ ಒಳ್ಳೆಯದು. 6.5 ಕ್ರೀಡ್‌ಮೂರ್ ಅನ್ನುವ ಇನ್ನೂ ಸಣ್ಣ ತೋಟಾದಲ್ಲೂ ಎಲ್ಕ್ ಹೊಡೆಯುವವರಿದ್ದಾರೆ, ಹತ್ತಿರದಿಂದ, ಗಟ್ಟಿ ಗುಂಡಿನಿಂದ ಆಗುತ್ತದೆ. ಮೊದಲ ಎಲ್ಕ್‌ಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಅಂದಹಾಗೆ ಕೊಲರಾಡೋ ನಿಯಮದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 85 ಗ್ರೇನ್ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಇರಬೇಕು. ಅದು ಕಾನೂನಿನ ಕೆಳಗೆರೆ. ಒಳ್ಳೆಯ ಬೇಟೆಗೆ ಅಷ್ಟು ಸಾಲದು.

ಕ್ಯಾಲಿಬರ್ ಆದ ಮೇಲೆ ಗುಂಡು. ಗುಂಡು ಗೊತ್ತಾಗದೆ ಬ್ಯಾರೆಲ್‌ನ ತಿರುವು ಗೊತ್ತಾಗಲ್ಲ. ನಳಿಗೆಯ ಒಳಗೆ ಕೊರೆದ ಗೆರೆಗಳು ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತವೆ ಅನ್ನುವುದೇ ತಿರುವು. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು, ಬುಗುರಿ ಥರ, ಇಲ್ಲದಿದ್ದರೆ ಓಲಾಡುತ್ತದೆ. ಗ್ರೀನ್‌ಹಿಲ್ ಅನ್ನುವ ಬ್ರಿಟಿಷ್ ಗಣಿತಜ್ಞ 1879ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ: 150ನ್ನು ಗುಂಡಿನ ವ್ಯಾಸದಿಂದ ಎರಡು ಸಲ ಗುಣಿಸಿ, ಉದ್ದದಿಂದ ಭಾಗಿಸಿ. 0.308 ಇಂಚು ವ್ಯಾಸ, 1.2 ಇಂಚು ಉದ್ದದ ಗುಂಡಿಗೆ ಸುಮಾರು 12 ಬರುತ್ತದೆ. ಉದ್ದ 1.45 ಇಂಚಾದರೆ 10ಕ್ಕೆ ಇಳಿಯುತ್ತದೆ. ಒರಟು ಲೆಕ್ಕ ಇದು, ಆದರೆ ದಾರಿ ತೋರಿಸುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಉದ್ದ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಅಲ್ಲಿಗೆ ಹೋಗುವ ಯೋಚನೆ ಇದ್ದರೆ ತಾಮ್ರ ಬೇಕೇ ಬೇಕು. .30-06ಗೆ 10 ಇಂಚಿನ ತಿರುವು ಹೇಳಿ, ಸಾಮಾನ್ಯವಾಗಿ ಸೀಸ, ತಾಮ್ರ ಎರಡಕ್ಕೂ ಸಾಕಾಗುತ್ತದೆ.

ಈಗ ಕಂಪನಿಗೆ ಬರೋಣ. ಕಸ್ಟಮ್ ಬ್ಯಾರೆಲ್ ಮಾಡುವವರು ಮುಖ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ವಿಸ್ಕಾನ್ಸಿನ್‌ನ ಕ್ರೀಗರ್, ಬಾರ್ಟ್‌ಲೈನ್ ಗೆರೆಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊರೆದು ತೆಗೆಯುತ್ತಾರೆ. ಟೆಕ್ಸಾಸ್‌ನ ಶೈಲೆನ್, ಮೊಂಟಾನಾದ ಲಿಲ್ಜಾ ಗಟ್ಟಿಯಾದ ಕಾರ್ಬೈಡ್ ಬಟನ್ ಒಂದನ್ನು ನಳಿಗೆಯೊಳಗೆ ಹಾಯಿಸಿ ಗೆರೆ ಒತ್ತುತ್ತಾರೆ. ಒತ್ತಿದಾಗ ಉಕ್ಕಿನೊಳಗೆ ಬಿಗಿತ ಉಳಿಯುತ್ತದೆ, ಅದನ್ನು ಕಾಯಿಸಿ ಇಳಿಸಬೇಕು. ಸರಿಯಾಗಿ ಮಾಡಿದರೆ ಬೇಟೆಯ ಮಟ್ಟಿಗೆ ಎರಡೂ ಒಂದೇ. ಇವರಲ್ಲಿ ಯಾರದ್ದನ್ನು ತಗೊಂಡರೂ ನಿಮ್ಮ ಕೈಗಿಂತ ಬ್ಯಾರೆಲ್ಲೇ ಚೆನ್ನಾಗಿರುತ್ತದೆ, ನನ್ನ ಕೈಗಿಂತಲೂ. 416ಆರ್ ಸ್ಟೇನ್‌ಲೆಸ್ ಉಕ್ಕು, 22 ಅಥವಾ 24 ಇಂಚು ಉದ್ದ ಸಾಕು. ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ ಸುಮಾರು 25 ಅಡಿ ವೇಗ ಹೋಗುತ್ತದೆ, ಎಲ್ಕ್‌ಗೆ ಅದು ಗೊತ್ತೇ ಆಗಲ್ಲ. ದಪ್ಪ ಟಾರ್ಗೆಟ್ ಬ್ಯಾರೆಲ್ ಬೇಡ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಉಸಿರೇ ಸಿಗದ ಕಡೆ, ದಿನವಿಡೀ ಅದನ್ನು ಹೊರಬೇಕಾದವರು ನೀವೇ ಅಲ್ವಾ?

ದುಡ್ಡು ಉಳಿಸಬಾರದ ಜಾಗ ಗನ್‌ಸ್ಮಿತ್, ಅಂದರೆ ಬ್ಯಾರೆಲ್ ಕೂರಿಸಿಕೊಡುವ ಬಂದೂಕು ಕೆಲಸಗಾರನ ಹತ್ತಿರ. ಬ್ಯಾರೆಲ್ ಎಷ್ಟೇ ಒಳ್ಳೆಯದಿದ್ದರೂ ತೋಟಾ ಕೂರುವ ಚೇಂಬರ್ ಓರೆಯಾಗಿ ಕೊರೆದರೆ, ಗುಂಡು ಹೊರಡುವ ತುದಿಯ ಅಂಚು (ಕ್ರೌನ್) ಸೊಟ್ಟಗಾದರೆ ಎಲ್ಲ ಹೋಯಿತು. ಹೆಡ್‌ಸ್ಪೇಸ್ ಅನ್ನು, ಅಂದರೆ ಬೋಲ್ಟ್ ಮುಖಕ್ಕೂ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು, ಗೇಜ್ ಇಟ್ಟು ಅಳೆದು ತೋರಿಸಲು ಹೇಳಿ, ಅದು ಜೀವದ ಪ್ರಶ್ನೆ. ರೈಫಲ್ ವಾಪಸ್ ಬಂದಾಗ ಒಂದು ಡಾಲರ್ ನೋಟನ್ನು ನಳಿಗೆಗೂ ಅದರ ಕೆಳಗಿನ ರೈಫಲ್‌ನ ಮರದ ಭಾಗಕ್ಕೂ ನಡುವೆ ತೂರಿಸಿ ಚೇಂಬರ್ ತನಕ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಹೋಗಬೇಕು.

ಇನ್ನೊಂದು ಮುಖ್ಯ ಮಾತು. ನೀವು ಎಚ್-1ಬಿ ಥರದ ವೀಸಾದಲ್ಲಿದ್ದರೆ ಬಂದೂಕು ಇಟ್ಟುಕೊಳ್ಳಲು ಅಮೆರಿಕದ ಫೆಡರಲ್ ಕಾನೂನು ಬಿಡುವುದಿಲ್ಲ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಈ ಅಡ್ಡಿ ಇಲ್ಲ. ಊರಿನ ಗೆಳೆಯರು ಇದನ್ನು ಓದಿ ಆಸೆಪಟ್ಟುಕೊಂಡರೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಭಾರತದಲ್ಲಿ ಶಿಕಾರಿ ಅಪರಾಧ, ನಾನು ಬರೆದಿರುವುದು ಅಮೆರಿಕದ ಮಾತು.

ಕೊಲರಾಡೋದಲ್ಲಿ ರೈಫಲ್ ಸೀಸನ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಒಳ್ಳೆಯ ಗನ್‌ಸ್ಮಿತ್ ಹತ್ತಿರ ಸರದಿ ತಿಂಗಳುಗಟ್ಟಲೆ ಇರುತ್ತದೆ, ಚಳಿಗಾಲದಲ್ಲೇ ಕೊಟ್ಟುಬಿಡಿ. ಮೇ, ಜೂನ್‌ಗೆ ಕೈಗೆ ಬಂದರೆ ಬೇಸಿಗೆ ಪೂರ್ತಿ ಬೆಂಚ್ ಬಿಟ್ಟು, ನೆಲದ ಮೇಲೆ ಕೂತು, ಬ್ಯಾಗ್ ಮೇಲೆ ಆನಿಸಿ ಅಭ್ಯಾಸ ಮಾಡಬಹುದು.